ಹವ್ಯಾಸಿ ರೇಡಿಯೋದಲ್ಲಿ ಗೂಢಲಿಪಿಗೆ ಎಡೆಯಿಲ್ಲವೇಕೆ?

ಮೋರ್ಸ್ ಸಂಕೇತದ ಚುಕ್ಕೆ-ಗೆರೆಗಳು ಅರಿಯದವರಿಗೆ ರಹಸ್ಯಭಾಷೆಯೆಂದು ತೋರುವುದು ಸಹಜ. ಆದರೆ ಅದು ಯಾರು ಬೇಕಾದರೂ ಕಲಿಯಬಹುದಾದ ಬಹಿರಂಗ ವರ್ಣಮಾಲೆ. 1912ರ ಲಂಡನ್ ಸಮ್ಮೇಳನವು ಅಂಗೀಕರಿಸಿದ ಕ್ಯೂ-ಸಂಕೇತಗಳೂ ಅಂಥವೇ. 'ಕ್ಯೂ-ಆರ್-ಎಂ' ಎಂದರೆ ಅನ್ಯಕೇಂದ್ರದಿಂದ ಅಡಚಣೆಯಾಗುತ್ತಿದೆ ಎಂದರ್ಥ. ಇಲ್ಲಿ ಉಳಿಯುವುದು ಕಾಲ. ಅಡಗುವುದು ಏನೂ ಇಲ್ಲ.

ಗೂಢಲಿಪಿಯ ಉದ್ದೇಶವೇ ಬೇರೆ. ಪ್ರತಿ ಅಕ್ಷರಕ್ಕೂ ಅದರ ಮುಂದಿನ ಅಕ್ಷರವನ್ನಿಟ್ಟು ಕಳುಹಿದರೆ, ಕೀಲಿಯನ್ನು ಬಲ್ಲವನಿಗೆ ಮಾತ್ರ ಅರ್ಥವಾಗುತ್ತದೆ. ಭಾರತದ 1978ರ ಹವ್ಯಾಸಿ ಸೇವಾ ನಿಯಮಗಳು ಸರಳಭಾಷೆಯನ್ನೇ ವಿಧಿಸಿದವು. ರಾಷ್ಟ್ರ-ರಾಷ್ಟ್ರಗಳ ಹವ್ಯಾಸಿಗಳು ಅರ್ಥವನ್ನು ಮರೆಮಾಡುವ ಸಲುವಾಗಿ ಸಂಕೇತೀಕರಿಸಬಾರದೆಂದು 2003ರ ವಿಶ್ವ ರೇಡಿಯೋ ಸಮ್ಮೇಳನವು ಸ್ಪಷ್ಟಪಡಿಸಿತು. ಉಪಗ್ರಹಗಳಿಗೆ ಭೂಕೇಂದ್ರಗಳು ಕಳುಹುವ ನಿಯಂತ್ರಣಾಜ್ಞೆಗಳಿಗೆ ಮಾತ್ರ ವಿನಾಯಿತಿಯಿತ್ತಿತು. 2005ರಲ್ಲಿ ಇಸ್ರೋ ಹಾರಿಸಿದ 'ಹ್ಯಾಮ್‌ಸ್ಯಾಟ್'ನಂತಹ ಉಪಗ್ರಹವನ್ನು ಅನ್ಯರು ಕೆಡಿಸಬಾರದಷ್ಟೆ.

ಈ ನಿರ್ಬಂಧಕ್ಕೆ ಎರಡು ಕಾರಣಗಳನ್ನು ನಾವು ಕಾಣುತ್ತೇವೆ. ಹವ್ಯಾಸಿ ತರಂಗಪಟ್ಟಿಗಳು ಸಾರ್ವಜನಿಕ ಸ್ವತ್ತು. ಅಲ್ಲಿ ವ್ಯಾಪಾರ ಸಲ್ಲದು. ಮಾತು ತೆರೆದಿದ್ದರೆ ಕೇಳುಗರೇ ಕಾವಲುಗಾರರಾಗುತ್ತಾರೆ. ಎರಡನೆಯದು ಆಪತ್ಕಾಲ. 2020ರ ಅಕ್ಟೋಬರಿನಲ್ಲಿ ಭೀಮೆಯ ಪ್ರವಾಹವು ಅಫಜಲಪುರ ತಾಲ್ಲೂಕನ್ನು ಬಾಧಿಸಿತು. ಅಂತಹ ದಿನ ಅತನೂರಿನಿಂದ ಒಬ್ಬ ಹವ್ಯಾಸಿಯು ದೋಣಿ ಬೇಕೆಂದು ಮೋರ್ಸಿನಲ್ಲಿ ಬಡಿದನೆಂದು ಭಾವಿಸೋಣ. ಉದ್ದೇಶಿತ ಕೇಂದ್ರವು ಮೌನವಾಗಿದ್ದರೂ, ಸರಳಭಾಷೆಯ ಆ ಕರೆಯನ್ನು ಎಲ್ಲಿಯೋ ಕುಳಿತ ಅಪರಿಚಿತನು ಕೇಳಿ ಮುಟ್ಟಿಸಬಲ್ಲನು. ಗೂಢಲಿಪಿಯಲ್ಲಿದ್ದರೆ ಅದು ಅವನಿಗೆ ಬರಿಯ ಸದ್ದು.