ಪದವಿ ವ್ಯಾಸಂಗ ಮತ್ತು ಪೊಲೀಸ್ ಅಧಿಕಾರಿಯ ಸಿದ್ಧತೆ

ಪೊಲೀಸ್ ಉದ್ಯೋಗಕ್ಕೆ ಎತ್ತರದ ನಿಲುವು, ದೃಢವಾದ ಮೈಕಟ್ಟು ಇದ್ದರೆ ಸಾಲದೆ, ಪದವಿಯ ಅವಶ್ಯಕತೆಯೇನು ಎಂಬ ಪ್ರಶ್ನೆ ಪಾಲಕರಲ್ಲಿ ಇಂದಿಗೂ ಕೇಳಿಬರುತ್ತದೆ. ಇದಕ್ಕೆ ಉತ್ತರ ಹುದ್ದೆಯ ಸ್ವರೂಪದಲ್ಲಿಯೇ ಅಡಗಿದೆ. ಕರ್ನಾಟಕದಲ್ಲಿ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪಿ.ಯು.ಸಿ. ಅರ್ಹತೆಯಾದರೆ, ಸಬ್-ಇನ್‌ಸ್ಪೆಕ್ಟರ್ ಹುದ್ದೆಗೆ ನೇರವಾಗಿ ಸೇರಬಯಸುವವರು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವೀಧರರಾಗಿರಬೇಕು. ಭಾರತೀಯ ಪೊಲೀಸ್ ಸೇವೆಗೂ ಪದವಿಯೇ ಮೊದಲ ಮೆಟ್ಟಿಲು.

ಪದವಿ ಇಂಥ ವಿಷಯದಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಆಗಬಹುದು. ಆದುದರಿಂದ ವಿದ್ಯಾರ್ಥಿಯು ತನಗೆ ಒಲಿದ ವಿಷಯವನ್ನೇ ಆರಿಸಿಕೊಳ್ಳುವುದು ಲೇಸು. 2020ರ ಕಾಯಿದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಆವರಣವೊಂದು ಶಿವಮೊಗ್ಗದಲ್ಲಿದೆ. ಆದರೆ ಇಂತಹ ಸಂಸ್ಥೆಯ ಪದವಿಯೂ ನೇಮಕಾತಿಯ ಆದೇಶವಲ್ಲ. ಎಲ್ಲರೂ ಆಯ್ಕೆಯ ಒಂದೇ ಬಾಗಿಲಿನಿಂದ ಒಳಹೋಗಬೇಕು.

ಸಬ್-ಇನ್‌ಸ್ಪೆಕ್ಟರ್ ಆಯ್ಕೆಯಲ್ಲಿ ದೇಹದಾರ್ಢ್ಯ ಪರೀಕ್ಷೆಯ ಜೊತೆಗೆ ಎರಡು ಲಿಖಿತ ಪತ್ರಿಕೆಗಳಿವೆ. 150 ಅಂಕಗಳ ಪತ್ರಿಕೆ ಸಾಮಾನ್ಯ ಜ್ಞಾನವನ್ನೂ ತರ್ಕಶಕ್ತಿಯನ್ನೂ ಅಳೆಯುತ್ತದೆ. 50 ಅಂಕಗಳ ಇನ್ನೊಂದು ಪತ್ರಿಕೆಯಲ್ಲಿ ಪ್ರಬಂಧ, ಸಂಕ್ಷೇಪ ಲೇಖನ, ಭಾಷಾಂತರಗಳಿರುತ್ತವೆ. ಅಂಕಗಳು ಕಡಿಮೆಯೆಂದು ಇದನ್ನು ಕಡೆಗಣಿಸುವವರು ಠಾಣೆಯ ಕೆಲಸವನ್ನು ಅರಿಯದವರು. ಅಳುತ್ತ ಬಂದ ದೂರುದಾರನ ಅಸ್ತವ್ಯಸ್ತ ಮಾತುಗಳಿಂದ ಸ್ಥಳ, ಕಾಲ, ಕೃತ್ಯಗಳನ್ನು ಆಯ್ದು ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದೂ, ಪಂಚನಾಮೆ ಬರೆಯುವುದೂ, ದೋಷಾರೋಪಣ ಪತ್ರ ಸಿದ್ಧಪಡಿಸುವುದೂ ಇದೇ ವಿದ್ಯೆಯ ಪ್ರಯೋಗಗಳು. ಅಲ್ಲಿ ಒಂದು ಮಾತು ತಪ್ಪಿದರೆ ಅಪರಾಧಿ ಪಾರಾಗಬಹುದು, ನಿರಪರಾಧಿ ಬಂಧನಕ್ಕೊಳಗಾಗಬಹುದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಶೋಧನೆ ಹಾಗೂ ಜಪ್ತಿಯ ಕಾಲದಲ್ಲಿ ದೃಶ್ಯ-ಶ್ರವ್ಯ ದಾಖಲೆಯನ್ನು ವಿಧಿಸಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರುವಂತೆಯೂ ವ್ಯವಸ್ಥೆ ಮಾಡಿದೆ. ಲಾಠಿಗಿಂತ ಲೇಖನಿ ಹಾಗೂ ವಿವೇಚನೆಗಳ ಹೊರೆ ಹೆಚ್ಚಿತೆಂಬುದು ಇದರಿಂದ ಸ್ಪಷ್ಟ.

ವಿದ್ಯೆಯೊಂದಿಗೆ ಶೀಲವಿಲ್ಲದಿದ್ದರೆ ಆಗುವ ಅನಾಹುತಕ್ಕೂ ನಮ್ಮ ರಾಜ್ಯವೇ ಸಾಕ್ಷಿ. 545 ಸಬ್-ಇನ್‌ಸ್ಪೆಕ್ಟರ್ ಹುದ್ದೆಗಳಿಗಾಗಿ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯು ಅಕ್ರಮಗಳ ಕಾರಣ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಳ್ಳಿಯಿಂದ ಬಂದು ಬಾಡಿಗೆಯ ಕೋಣೆಯಲ್ಲಿ ಓದಿ, ಪ್ರಾಮಾಣಿಕವಾಗಿ ಬರೆದಿದ್ದ ತರುಣ ತರುಣಿಯರ ಎರಡು ಅಮೂಲ್ಯ ವರ್ಷಗಳು ಕೆಲವರ ದುರಾಸೆಗೆ ಆಹುತಿಯಾದವು. ಕಾನೂನನ್ನು ಕಾಯಬೇಕಾದ ಹುದ್ದೆಯನ್ನು ಕಾನೂನು ಮುರಿದು ಪಡೆದವನಿಂದ ಸಮಾಜ ಯಾವ ರಕ್ಷಣೆಯನ್ನು ನಿರೀಕ್ಷಿಸಬಹುದು?

ಆದುದರಿಂದ ಈ ಸಿದ್ಧತೆ ಪದವಿಯ ಕೊನೆಯ ವರ್ಷದಲ್ಲಲ್ಲ, ಪ್ರೌಢಶಾಲೆಯ ಪ್ರಬಂಧದ ಪುಸ್ತಕದಲ್ಲಿಯೂ ಆಟದ ಮೈದಾನದಲ್ಲಿಯೂ ಆರಂಭವಾಗಬೇಕು. ಶಿಕ್ಷಕರು ತಿದ್ದುವ ಒಂದೊಂದು ವಾಕ್ಯ, ದಾನಿಗಳು ಗ್ರಂಥಾಲಯಕ್ಕೆ ನೀಡುವ ಒಂದೊಂದು ಗ್ರಂಥ, ಸೇವೆಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಬಿಡುವಿನಲ್ಲಿ ನೀಡುವ ಮಾರ್ಗದರ್ಶನ, ಇವೆಲ್ಲವೂ ಮುಂದೊಂದು ದಿನ ಯಾವುದೋ ಠಾಣೆಯಲ್ಲಿ ದೀನನೊಬ್ಬನಿಗೆ ದೊರೆಯುವ ನ್ಯಾಯವಾಗಿ ಫಲಿಸುತ್ತವೆ.