ಶಾಲಾ ಕೊಠಡಿಗಳಲ್ಲಿ ರೇಡಾನ್: ಐರ್ಲೆಂಡ್ ಇಟ್ಟ ಲೆಕ್ಕ

ಶಾಲೆಯ ಆಡಳಿತ ಮಂಡಳಿಯ ವಾರ್ಷಿಕ ಸಭೆಯಲ್ಲಿ ಕಟ್ಟಡದ ಸವಕಳಿ, ಸುಣ್ಣಬಣ್ಣ, ನೀರಿನ ಟ್ಯಾಂಕು, ಅಗ್ನಿಶಾಮಕ ಉಪಕರಣ ಇವೆಲ್ಲ ತಪ್ಪದೆ ಚರ್ಚೆಗೆ ಬರುತ್ತವೆ. ತರಗತಿಯೊಳಗಿನ ಗಾಳಿಯಲ್ಲಿ ಏನಿದೆ ಎಂಬ ಪ್ರಶ್ನೆ ಕಾರ್ಯಸೂಚಿಯಲ್ಲಿ ಕಾಣುವುದು ಅಪರೂಪ. ಯುರೋಪಿನ ಪಶ್ಚಿಮ ಅಂಚಿನಲ್ಲಿರುವ ಐರ್ಲೆಂಡ್ ದೇಶವು 1998ರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅಲ್ಲಿನ ವಿಕಿರಣ ಸಂರಕ್ಷಣಾ ಸಂಸ್ಥೆಯು ಶಿಕ್ಷಣ ಇಲಾಖೆಯ ಸಹಯೋಗದೊಡನೆ ದೇಶದ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳ ನೆಲಮಹಡಿಯ ತರಗತಿಗಳಲ್ಲಿ ಮತ್ತು ಕಚೇರಿ ಕೊಠಡಿಗಳಲ್ಲಿ ರೇಡಾನ್ ಎಂಬ ಅನಿಲವನ್ನು ಅಳೆಯಲು ತೊಡಗಿತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಟ್ಟು 3,826 ಶಾಲೆಗಳ 38,531 ಕೊಠಡಿಗಳ ಅಳತೆ ನಡೆದಿತ್ತು. ದೇಶದ ಸುಮಾರು 4,000 ಶಾಲೆಗಳಲ್ಲಿ ಇದು ಶೇಕಡ 95ಕ್ಕೂ ಹೆಚ್ಚು.

ವಾಣಿಜ್ಯ ಸಮುದಾಯದ ಅನೇಕರು ವಿದ್ಯಾಸಂಸ್ಥೆಗಳ ಧರ್ಮದರ್ಶಿಗಳೂ ಪದಾಧಿಕಾರಿಗಳೂ ಆಗಿರುತ್ತಾರೆ. ಕಟ್ಟಡದ ನಕ್ಷೆಗೆ ಒಪ್ಪಿಗೆ ನೀಡುವವರೂ ಬಿಲ್ಲಿಗೆ ರುಜು ಹಾಕುವವರೂ ಅವರೇ. ಆದ್ದರಿಂದ ಐರ್ಲೆಂಡಿನ ಈ ಲೆಕ್ಕವನ್ನು ಅವರು ಒಮ್ಮೆ ಗಮನಿಸುವುದು ಪ್ರಯೋಜನಕರ.

ನೆಲದಿಂದ ಬರುವ ಅನಿಲ

ರೇಡಾನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬಂಡೆ ಮತ್ತು ಮಣ್ಣಿನಲ್ಲಿ ಅಲ್ಪ ಪ್ರಮಾಣದಲ್ಲಿ ಎಲ್ಲೆಡೆಯೂ ಇರುವ ಯುರೇನಿಯಂ ಕ್ರಮೇಣ ಕ್ಷಯಿಸಿ ರೇಡಿಯಂ ಆಗುತ್ತದೆ. ರೇಡಿಯಂ ಕ್ಷಯಿಸಿದಾಗ ರೇಡಾನ್ ಹುಟ್ಟುತ್ತದೆ. ಇದರ ಅರ್ಧಾಯುಷ್ಯ 3.8 ದಿನ. ಮಣ್ಣಿನ ಸಂದುಗಳ ಮೂಲಕ ಮೇಲೇರಿ ಕಟ್ಟಡದೊಳಗೆ ಸೇರಿಕೊಳ್ಳಲು ಇಷ್ಟು ಕಾಲಾವಕಾಶ ಧಾರಾಳವಾಗಿ ಸಾಕು. ಬಯಲಿನಲ್ಲಿ ಹೊರಬಂದ ರೇಡಾನ್ ಗಾಳಿಯಲ್ಲಿ ಬೆರೆತು ತೆಳುವಾಗುತ್ತದೆ. ಮುಚ್ಚಿದ ಕೊಠಡಿಯ ಒಳಗೆ ಬಂದದ್ದು ಅಲ್ಲಿಯೇ ಶೇಖರವಾಗುತ್ತದೆ. ಕೊಠಡಿಯ ಬೆಚ್ಚನೆಯ ಗಾಳಿ ಮೇಲೇರಿ ಹೊರಹೋದಾಗ ನೆಲಮಟ್ಟದಲ್ಲಿ ಒತ್ತಡ ಕೊಂಚ ಕಡಿಮೆಯಾಗುತ್ತದೆ. ಆಗ ಕಟ್ಟಡವೇ ಕಾಂಕ್ರೀಟ್ ನೆಲದ ಬಿರುಕುಗಳಿಂದಲೂ ಕೊಳವೆಗಳು ಹಾದುಹೋಗುವ ಸಂದುಗಳಿಂದಲೂ ಮಣ್ಣಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ರೇಡಾನ್ ಪ್ರಮಾಣವನ್ನು ಬೆಕೆರೆಲ್ ಎಂಬ ಮಾನದಲ್ಲಿ ಹೇಳಲಾಗುತ್ತದೆ. ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕೆರೆಲ್. ಹೊರಗಿನ ಗಾಳಿಯಲ್ಲಿ ಸಾಮಾನ್ಯವಾಗಿ ಘನ ಮೀಟರಿಗೆ 5ರಿಂದ 15 ಬೆಕೆರೆಲ್ ರೇಡಾನ್ ಇರುತ್ತದೆ. ಐರ್ಲೆಂಡಿನ ಕೆರ್ರಿ ಕೌಂಟಿಯ ಕ್ಯಾಸಲ್‌ಐಲೆಂಡ್ ಪ್ರದೇಶದ ಒಂದು ಮನೆಯಲ್ಲಿ 2003ರಲ್ಲಿ ಕಂಡುಬಂದ ಪ್ರಮಾಣ 49,000 ಬೆಕೆರೆಲ್.

ರೇಡಾನ್ ಕ್ಷಯಿಸಿ ಉಂಟಾಗುವ ಪೊಲೋನಿಯಂ ಮೊದಲಾದ ಕಣಗಳು ಧೂಳಿಗೆ ಅಂಟಿಕೊಂಡು ಉಸಿರಿನೊಡನೆ ಶ್ವಾಸಕೋಶ ಸೇರುತ್ತವೆ. ಅವು ಹೊರಸೂಸುವ ಆಲ್ಫಾ ವಿಕಿರಣ ಅಲ್ಲಿನ ಜೀವಕೋಶಗಳಿಗೆ ಹಾನಿ ಮಾಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವರ್ಗೀಕರಿಸಿತು. ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಲಾದ ವಿಶ್ಲೇಷಣೆಯು, ದೀರ್ಘಕಾಲ ಉಸಿರಾಡುವ ಗಾಳಿಯಲ್ಲಿ ರೇಡಾನ್ ಪ್ರತಿ 100 ಬೆಕೆರೆಲ್ ಏರಿದಂತೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಸುಮಾರು ಶೇಕಡ 16ರಷ್ಟು ಏರುತ್ತದೆ ಎಂದು ತೋರಿಸಿತು. ಧೂಮಪಾನಿಗಳಿಗೆ ಅಪಾಯ ಇನ್ನೂ ಅನೇಕ ಪಟ್ಟು ಅಧಿಕ. ಐರ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 350 ಶ್ವಾಸಕೋಶ ಕ್ಯಾನ್ಸರ್ ಪ್ರಕರಣಗಳಿಗೆ ರೇಡಾನ್ ಸಂಬಂಧವಿದೆಯೆಂದು ಅಲ್ಲಿನ ಅಧಿಕಾರಿಗಳ ಅಂದಾಜು.

ಇದು ಇಂದು ಉಸಿರಾಡಿದರೆ ನಾಳೆ ಕಾಯಿಲೆ ತರುವ ಅನಿಲವಲ್ಲ. ಕೆಮ್ಮು, ತಲೆನೋವು ಮುಂತಾದ ಯಾವ ಮುನ್ಸೂಚನೆಯೂ ಇರುವುದಿಲ್ಲ. ಪರಿಣಾಮ ಕಾಣಿಸಿಕೊಳ್ಳಲು ದಶಕಗಳೇ ಬೇಕಾಗಬಹುದು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂಬುದು ಗಾದೆ. ಈ ಹುಣ್ಣಿಗೆ ಮಾತ್ರ ಕನ್ನಡಿಯಿಲ್ಲದೆ ಗತ್ಯಂತರವಿಲ್ಲ. ಅಳತೆಯೇ ಆ ಕನ್ನಡಿ.

ಅಳತೆಯ ವಿಧಾನ

ಕನ್ನಡಿ ದುಬಾರಿಯದೇನೂ ಅಲ್ಲ. ಅಂಗೈಯಲ್ಲಿ ಹಿಡಿಯಬಹುದಾದ ಸಣ್ಣ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ವಿಶೇಷ ಪ್ಲಾಸ್ಟಿಕ್ಕಿನ ಒಂದು ಚೂರು. ಇದಕ್ಕೆ ವಿದ್ಯುತ್ತು ಬೇಡ, ಸದ್ದಿಲ್ಲ, ಮಕ್ಕಳ ಪಾಠಕ್ಕೆ ಅಡ್ಡಿಯಿಲ್ಲ. ಡಬ್ಬಿಯೊಳಗೆ ಹೊಕ್ಕ ರೇಡಾನಿನ ಆಲ್ಫಾ ಕಣಗಳು ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಗೆ ಕಾಣದ ಗೀರುಗಳನ್ನು ಮೂಡಿಸುತ್ತವೆ. ಅವಧಿ ಮುಗಿದ ನಂತರ ಪ್ರಯೋಗಾಲಯದಲ್ಲಿ ಅದನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಗೀರುಗಳು ಹಿಗ್ಗುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಎಣಿಸಿ ಸರಾಸರಿ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ.

ಡಬ್ಬಿಯನ್ನು ತಿಂಗಳುಗಟ್ಟಲೆ ಇರಿಸುವುದಕ್ಕೆ ಕಾರಣವಿದೆ. ರೇಡಾನ್ ಪ್ರಮಾಣ ಹವಾಮಾನ ಬದಲಾದಂತೆ, ಕಿಟಕಿ ತೆರೆದಂತೆ ಏರಿಳಿಯುತ್ತದೆ. ಒಂದು ದಿನದ ವ್ಯಾಪಾರ ನೋಡಿ ವರ್ಷದ ವಹಿವಾಟು ಹೇಳಲಾಗದು. ಶಾಲೆಯ ವಿಷಯದಲ್ಲಿ ಇನ್ನೊಂದು ಅಂಶವೂ ಉಂಟು. ರಾತ್ರಿ ಮತ್ತು ರಜಾದಿನಗಳಲ್ಲಿ ಬಾಗಿಲು ಮುಚ್ಚಿರುವಾಗ ಪ್ರಮಾಣ ಏರಿ, ಮಕ್ಕಳು ಬಂದು ಬಾಗಿಲು ಕಿಟಕಿ ತೆರೆದ ಮೇಲೆ ಇಳಿಯುವುದು ಸಾಮಾನ್ಯ. ದೀರ್ಘಾವಧಿಯ ಅಳತೆ ಈ ಎರಡನ್ನೂ ಕೂಡಿಸಿ ಹೇಳುತ್ತದೆ. ಶಾಲಾ ವೇಳೆಯ ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆಯಿರಬಹುದು. ಆದ್ದರಿಂದ ಅಳತೆ ಹೆಚ್ಚು ಬಂದ ಮಾತ್ರಕ್ಕೆ ಗಾಬರಿಯಾಗಿ ಶಾಲೆ ಮುಚ್ಚುವ ಅಗತ್ಯವಿಲ್ಲ. ಕಡತದಲ್ಲಿಟ್ಟು ಸುಮ್ಮನಿರುವುದೂ ಸಲ್ಲದು.

ಸರಾಸರಿ ಮರೆಮಾಚಿದ್ದು

ಈಗ ಫಲಿತಾಂಶವನ್ನು ನೋಡಬಹುದು. ಶಾಲೆಗಳಿಗೆ ಐರ್ಲೆಂಡ್ ಅಂದು ಇರಿಸಿಕೊಂಡಿದ್ದ ಮಿತಿ ಘನ ಮೀಟರಿಗೆ 200 ಬೆಕೆರೆಲ್. ಅಳತೆಯಾದ ಶಾಲೆಗಳ ಸರಾಸರಿ 93 ಬೆಕೆರೆಲ್, ಅಂದರೆ ಮಿತಿಯ ಅರ್ಧಕ್ಕಿಂತಲೂ ಕಡಿಮೆ. ಸರಾಸರಿಯನ್ನಷ್ಟೇ ನೋಡುವವರು ವರದಿಯನ್ನು ಅಲ್ಲಿಗೇ ಮುಚ್ಚಿಡುತ್ತಿದ್ದರು. ಆದರೆ ವಿವರವಾದ ಪಟ್ಟಿ ಬೇರೆಯದನ್ನೇ ಹೇಳಿತು. 984 ಶಾಲೆಗಳ 3,028 ಕೊಠಡಿಗಳು 200ರ ಮಿತಿಯನ್ನು ಮೀರಿದ್ದವು. 329 ಶಾಲೆಗಳ 800 ಕೊಠಡಿಗಳಲ್ಲಿ ಪ್ರಮಾಣ 400ನ್ನೂ ದಾಟಿತ್ತು.

ಈ ಅಂಕಿಗಳನ್ನು ಬಿಡಿಸಿ ನೋಡಿದರೆ ಮುಖ್ಯವಾದ ಒಂದು ಸಂಗತಿ ಹೊರಬೀಳುತ್ತದೆ. ಮಿತಿ ಮೀರಿದ ಶಾಲೆಗಳು ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು; ಮಿತಿ ಮೀರಿದ ಕೊಠಡಿಗಳು ನೂರಕ್ಕೆ ಸುಮಾರು 8 ಮಾತ್ರ. ಒಂದು ಶಾಲೆಯಲ್ಲಿ ಅಳತೆಯಾದ ಕೊಠಡಿಗಳು ಸರಾಸರಿ 10; ತೊಂದರೆಯಿರುವ ಶಾಲೆಯಲ್ಲಿ ಮಿತಿ ಮೀರಿದ ಕೊಠಡಿಗಳು ಸರಾಸರಿ 3. ಅಂಥ ಹತ್ತು ಕೊಠಡಿಗಳ ಶಾಲೆಯಲ್ಲಿ ಖರ್ಚು ಉಳಿಸಲೆಂದು ಯಾವುದಾದರೂ ಒಂದೇ ಕೊಠಡಿಯನ್ನು ಅಳೆದಿದ್ದರೆ, ಹತ್ತರಲ್ಲಿ ಏಳು ಸಂದರ್ಭಗಳಲ್ಲಿ ಇಡೀ ಶಾಲೆಗೆ ನಿರ್ದೋಷ ಪ್ರಮಾಣಪತ್ರ ಸಿಗುತ್ತಿತ್ತು. ಉಳಿದ ಮೂರು ಕೊಠಡಿಗಳ ಮಕ್ಕಳೂ ಶಿಕ್ಷಕರೂ ಅದೇ ಗಾಳಿಯಲ್ಲಿ ಮುಂದುವರಿಯುತ್ತಿದ್ದರು.

ಗೋದಾಮಿನ ದಾಸ್ತಾನನ್ನು ಬಾಗಿಲಲ್ಲಿರುವ ಒಂದು ಮೂಟೆ ಬಿಚ್ಚಿ ನೋಡಿ ಪ್ರಮಾಣೀಕರಿಸುವವರಿಲ್ಲ. ರೇಡಾನ್ ವಿಷಯದಲ್ಲಿಯೂ ಇದೇ ನ್ಯಾಯ ಅನ್ವಯಿಸುತ್ತದೆ. ಒಂದು ಕೊಠಡಿಯ ನೆಲದಲ್ಲಿ ಬಿರುಕಿದ್ದು ಪಕ್ಕದ ಕೊಠಡಿಯ ನೆಲ ಗಟ್ಟಿಯಾಗಿರಬಹುದು. ಯಾವ ಪ್ರದೇಶದಲ್ಲಿ ರೇಡಾನ್ ಹೆಚ್ಚಿರುವ ಸಂಭವವಿದೆ ಎಂಬುದನ್ನು ನಕ್ಷೆ ತಿಳಿಸುತ್ತದೆಯೇ ಹೊರತು, ನಿರ್ದಿಷ್ಟ ಕಟ್ಟಡದ ನಿರ್ದಿಷ್ಟ ಕೊಠಡಿಯಲ್ಲಿ ಎಷ್ಟಿದೆ ಎಂಬುದನ್ನು ತಿಳಿಸಲಾರದು. ನೆಲಕ್ಕೆ ತಾಗಿರುವ ಪ್ರತಿ ಕೊಠಡಿಯನ್ನೂ ಅಳೆದದ್ದೇ ಐರ್ಲೆಂಡಿನ ಕಾರ್ಯಕ್ರಮದ ನಿಜವಾದ ಬಲ.

ಎಲ್ಲ ಶಾಲೆಗಳನ್ನೂ ಒಟ್ಟಿಗೆ ಅಳೆದದ್ದರಿಂದ ಮತ್ತೊಂದು ಅನುಕೂಲವೂ ಇದೆ. ಒಂದೇ ಶಾಲೆ ತಾನಾಗಿ ಪರೀಕ್ಷೆಗೆ ಮುಂದಾದರೆ ಪೋಷಕರಲ್ಲಿ ಊಹಾಪೋಹ ಹಬ್ಬಬಹುದು, ಪ್ರವೇಶಗಳು ಕುಸಿಯಬಹುದು ಎಂಬ ಅಂಜಿಕೆ ಯಾವ ಆಡಳಿತ ಮಂಡಳಿಗಾದರೂ ಸಹಜ. ಎಲ್ಲರೂ ಅಳೆಯುವಾಗ ಯಾರೂ ಬೊಟ್ಟು ಮಾಡಿ ತೋರಿಸಲು ಆಸ್ಪದವಿರುವುದಿಲ್ಲ.

ಪರಿಹಾರ ಮತ್ತು ವೆಚ್ಚ

ಪ್ರಮಾಣಕ್ಕೆ ತಕ್ಕಂತೆ ಪರಿಹಾರವೂ ಎರಡು ಬಗೆಯದಾಗಿತ್ತು. 200ರಿಂದ 400 ಬೆಕೆರೆಲ್ ಇದ್ದ ಕೊಠಡಿಗಳ ಗೋಡೆ ಹಾಗೂ ಕಿಟಕಿಗಳಲ್ಲಿ ಗಾಳಿಗಂಡಿಗಳನ್ನು ಅಳವಡಿಸಲಾಯಿತು. ಇದರಿಂದ ಪ್ರಮಾಣ ಸರಿಸುಮಾರು ಅರ್ಧದಷ್ಟು ಇಳಿಯುತ್ತದೆ. 300 ಇದ್ದದ್ದು 150ಕ್ಕೆ ಇಳಿದರೆ ಸಾಕು; ಆದರೆ 1,000 ಇದ್ದದ್ದು 500 ಆದರೆ ಸಮಸ್ಯೆ ಉಳಿದೇ ಇರುತ್ತದೆ. ಹೊರಗಿನ ಗಾಳಿಯನ್ನು ಹೆಚ್ಚು ಒಳಬಿಟ್ಟಷ್ಟೂ ಶೀತದೇಶಗಳಲ್ಲಿ ಕೊಠಡಿ ಬಿಸಿಯಿಡುವ ಇಂಧನದ ಖರ್ಚು ಏರುವುದೂ ಉಂಟು.

400 ಮೀರಿದ ಕೊಠಡಿಗಳಿಗೆ ಬೇರೆ ಉಪಾಯ. ಕಾಂಕ್ರೀಟ್ ನೆಲದಡಿ ಒಂದು ಸಣ್ಣ ಗುಂಡಿ ತೋಡಿ, ಅದರಿಂದ ಕೊಳವೆಯೊಂದನ್ನು ಕಟ್ಟಡದ ಹೊರಕ್ಕೆ ಒಯ್ದು, ಕೊಳವೆಗೆ ಫ್ಯಾನ್ ಜೋಡಿಸಲಾಗುತ್ತದೆ. ಫ್ಯಾನ್ ನೆಲದಡಿಯ ಗಾಳಿಯನ್ನು ಸದಾ ಹೀರುತ್ತಿರುವುದರಿಂದ ಅಲ್ಲಿನ ಒತ್ತಡ ಕೊಠಡಿಯ ಒತ್ತಡಕ್ಕಿಂತ ಕಡಿಮೆಯಾಗಿ, ರೇಡಾನ್ ಒಳಬರುವ ಮೊದಲೇ ಹೊರಹೋಗುತ್ತದೆ. ಈ ವಿಧಾನದಿಂದ ಪ್ರಮಾಣ ಹಲವು ಪಟ್ಟು ಇಳಿಯುತ್ತದೆ. ಆದರೆ ಶಾಲಾ ಕಟ್ಟಡಗಳಲ್ಲಿ ಅಡ್ಡಗೋಡೆಗಳ ತಳಪಾಯವು ನೆಲದಡಿಯ ಜಾಗವನ್ನು ತುಂಡು ತುಂಡಾಗಿ ವಿಂಗಡಿಸಿರುತ್ತದೆ. ಆದ್ದರಿಂದ ಒಂದೇ ಗುಂಡಿ ಎಲ್ಲ ಕೊಠಡಿಗಳಿಗೂ ಸಾಲದೆ ಹೋಗಬಹುದು; ಕೆಲಸಕ್ಕೆ ಮುನ್ನ ತಳಪಾಯದ ನಕ್ಷೆ ನೋಡಬೇಕಾಗುತ್ತದೆ.

ಚಾಲನಾ ವೆಚ್ಚದ ಒಂದು ಅಂದಾಜು ಹೀಗಿದೆ. 75 ವಾಟಿನ ಒಂದು ಫ್ಯಾನ್ ವರ್ಷದ 8,760 ಗಂಟೆಯೂ ನಿಲ್ಲದೆ ಓಡಿದರೆ 657 ಯೂನಿಟ್ ವಿದ್ಯುತ್ತು ಬೇಕು. ಹಳೆಯ ಮಾದರಿಯ ಒಂದು ಸೀಲಿಂಗ್ ಫ್ಯಾನ್ ಹಗಲಿರುಳು ಓಡಿದರೆ ಆಗುವಷ್ಟೇ ಖರ್ಚು. ದೊಡ್ಡ ಖರ್ಚಿರುವುದು ಕಟ್ಟಿದ ನೆಲವನ್ನು ಒಡೆದು ಮತ್ತೆ ಮುಚ್ಚುವುದರಲ್ಲಿ. ಈ ಕಾರಣದಿಂದಲೇ ಐರ್ಲೆಂಡಿನ ಕಟ್ಟಡ ನಿಯಮಗಳು 1998ರ ಜುಲೈಯಿಂದ ಹೊಸ ಕಟ್ಟಡಗಳಲ್ಲಿ ನೆಲ ಹಾಕುವಾಗಲೇ ಅದರಡಿ ಗುಂಡಿ ಮತ್ತು ಕೊಳವೆಯನ್ನು ಸಿದ್ಧವಾಗಿಡಬೇಕೆಂದು ವಿಧಿಸಿದವು. ರೇಡಾನ್ ಅಧಿಕವಿರುವ ಪ್ರದೇಶಗಳಲ್ಲಿ ಅನಿಲ ತಡೆಯುವ ಹಾಳೆಯನ್ನೂ ಹಾಸಬೇಕು. ಕಟ್ಟಡ ಮುಗಿದು ಅಳೆದಾಗ ಪ್ರಮಾಣ ಹೆಚ್ಚು ಕಂಡರೆ ಕೊಳವೆಗೆ ಫ್ಯಾನ್ ಜೋಡಿಸಿದರಾಯಿತು.

ಪರಿಹಾರ ಮಾಡಿದ ಮೇಲೆ ಮರು ಅಳತೆ ಕಡ್ಡಾಯವೆಂದೇ ತಿಳಿಯಬೇಕು. ಫ್ಯಾನ್ ಕೆಟ್ಟು ನಿಂತರೂ ಕೊಠಡಿಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗದು. ಕೊಳವೆಯಲ್ಲಿ ಒತ್ತಡ ತೋರಿಸುವ ಸಣ್ಣ ಮಾಪಕವಿದ್ದು, ಅದನ್ನು ನೋಡಿ ದಾಖಲಿಸುವ ಹೊಣೆ ಒಬ್ಬರ ಮೇಲಿದ್ದರೆ ಮಾತ್ರ ಹಾಕಿದ ಹಣ ಸಾರ್ಥಕ. ನೆಲ ಅಗೆದು ದುರಸ್ತಿ ಮಾಡಿದಾಗ, ಕೊಠಡಿ ವಿಸ್ತರಿಸಿದಾಗ, ಕಿಟಕಿಗಳನ್ನು ಬದಲಿಸಿದಾಗಲೂ ಮತ್ತೆ ಅಳೆಯಬೇಕಾಗುತ್ತದೆ.

ಮಿತಿಯ ಅಂಕಿ ಎಲ್ಲೆಡೆಯೂ ಒಂದೇ ಅಲ್ಲ. ಅಮೆರಿಕದಲ್ಲಿ ಸುಮಾರು 148 ಬೆಕೆರೆಲ್ ಬಂದರೆ ಕ್ರಮ ಕೈಗೊಳ್ಳಬೇಕೆಂಬ ಸಲಹೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ 100 ಬೆಕೆರೆಲನ್ನು ಸೂಚಿಸಿ, ಅದು ಸಾಧ್ಯವಾಗದಿದ್ದರೂ 300 ಮೀರಬಾರದೆಂದಿತು. ಯುರೋಪಿಯನ್ ಒಕ್ಕೂಟದ 2013ರ ನಿರ್ದೇಶನವೂ 300ನ್ನು ಗರಿಷ್ಠ ಮಟ್ಟವಾಗಿ ಇರಿಸಿದೆ. ಐರ್ಲೆಂಡಿನಲ್ಲಿ ವಿಕಿರಣ ಸಂರಕ್ಷಣಾ ಸಂಸ್ಥೆಯು 2014ರಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿಯೊಡನೆ ವಿಲೀನಗೊಂಡಿದ್ದು, ರೇಡಾನ್ ಕಾರ್ಯವನ್ನು ಈಗ ಆ ಏಜೆನ್ಸಿ ನೋಡಿಕೊಳ್ಳುತ್ತಿದೆ.

ಕರ್ನಾಟಕದ ಸದಸ್ಯರಿಗೆ

ಕರ್ನಾಟಕದ ನೆಲದಲ್ಲಿಯೂ ಗ್ರಾನೈಟ್ ಮತ್ತು ನೈಸ್ ಶಿಲೆಗಳು ವಿಪುಲವಾಗಿವೆ. ರಾಮನಗರದ ಹಿಂದಿನ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯಲಾಗುವ ಶಿಲಾಪಟ್ಟಿ ಪ್ರಸಿದ್ಧ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು ಮೈಸೂರು ಹಾಗೂ ಬೆಂಗಳೂರಿನ ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ಬಾಗಿಲು ಕಿಟಕಿ ತೆರೆದಿಡುವ ರೂಢಿಯೇ ಇಲ್ಲಿನ ದೊಡ್ಡ ರಕ್ಷಣೆ. ಆದರೆ ಹವಾನಿಯಂತ್ರಿತ ತರಗತಿಗಳು, ನೆಲಮಾಳಿಗೆಯ ಗಣಕಯಂತ್ರ ಕೊಠಡಿಗಳು ಮತ್ತು ಗ್ರಂಥಾಲಯಗಳು ಈ ರೂಢಿಯನ್ನು ಕೈಬಿಟ್ಟಿವೆ. ಅಳತೆ ಆರಂಭಿಸುವುದಾದರೆ ಇಂಥ ಕೊಠಡಿಗಳೇ ಮೊದಲು.

ಗ್ರಾನೈಟ್ ವ್ಯವಹಾರದಲ್ಲಿರುವವರು ಒಂದು ಸಂಗತಿಯನ್ನು ಪ್ರತ್ಯೇಕವಾಗಿ ಗಮನಿಸಬಹುದು. 2008ರಲ್ಲಿ ಅಮೆರಿಕದಲ್ಲಿ ಅಡುಗೆಮನೆಯ ಗ್ರಾನೈಟ್ ಕಟ್ಟೆಗಳಿಂದ ರೇಡಾನ್ ಬರುತ್ತದೆಂಬ ಆತಂಕ ಹಬ್ಬಿತ್ತು. ಸಾಮಾನ್ಯ ಬಳಕೆಯ ಗ್ರಾನೈಟ್ ಮನೆಯೊಳಗಿನ ರೇಡಾನನ್ನು ಗಣನೀಯವಾಗಿ ಏರಿಸುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ತಿಳಿಸಿತು. ಮುಖ್ಯ ಮೂಲ ಕಟ್ಟಡದಡಿಯ ಮಣ್ಣೇ ಹೊರತು ಮೇಲೆ ಹಾಸಿದ ಕಲ್ಲಲ್ಲ.

ಹೊಸ ಶಾಲಾ ಕಟ್ಟಡದ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ ಪದಾಧಿಕಾರಿಗಳು ವಾಸ್ತುಶಿಲ್ಪಿಯನ್ನು ಮೂರು ಪ್ರಶ್ನೆ ಕೇಳಬಹುದು: ನೆಲದಡಿ ಜಲ್ಲಿಯ ಪದರವೂ ಅನಿಲ ತಡೆಯುವ ಹಾಳೆಯೂ ಇವೆಯೇ, ಮುಂದೆ ಫ್ಯಾನ್ ಜೋಡಿಸಲು ಕೊಳವೆ ಬಿಟ್ಟಿದೆಯೇ, ಕಟ್ಟಡ ಮುಗಿದ ಮೇಲೆ ನೆಲಕ್ಕೆ ತಾಗಿದ ಪ್ರತಿ ಕೊಠಡಿಯನ್ನೂ ಅಳೆಯಲು ಹಣ ತೆಗೆದಿರಿಸಿದೆಯೇ? ಕಾಂಕ್ರೀಟ್ ಹಾಕುವ ಮುನ್ನ ಕೇಳಿದರೆ ಇವು ಅಂದಾಜು ಪಟ್ಟಿಯ ಒಂದೆರಡು ಸಾಲುಗಳಲ್ಲಿ ಮುಗಿಯುತ್ತವೆ. ಅನಂತರ ಕೇಳಿದರೆ ನೆಲ ಒಡೆಯಬೇಕಾಗುತ್ತದೆ.