ಹೊಸದಾಗಿ ತಂದ ಮೊಲದ ಮರಿಯ ಪೋಷಣೆ

ಕೊಂಡುತಂದ ಮೊಲದ ಮರಿಯು ಮೊದಲ ವಾರದಲ್ಲಿಯೇ ಭೇದಿಯಿಂದ ಸಾಯುವುದುಂಟು. ಇದಕ್ಕೆ ಹಲವು ವೇಳೆ ಮನೆಯವರ ಅತಿಪ್ರೀತಿಯೇ ಕಾರಣ. ತಾಯಿಯನ್ನು ಅಗಲಿ ಬೆದರಿರುವ ಮರಿಗೆ ಎಲೆಕೋಸು, ಹಸುವಿನ ಹಾಲು, ಬೆಲ್ಲಗಳನ್ನು ಒಮ್ಮೆಲೇ ತಿನ್ನಿಸಿದರೆ ಅದರ ಎಳೆಯ ಕರುಳು ತಾಳಲಾರದು. ಮೊಲಕ್ಕೆ ವಾಂತಿಯೂ ಆಗದು.

ಆದಕಾರಣ 8 ವಾರ ತುಂಬದ ಮರಿಯನ್ನು ತರಕೂಡದು. ಅದು ಅಲ್ಲಿ ತಿನ್ನುತ್ತಿದ್ದ ಆಹಾರವನ್ನು ಮಾರುವವನಿಂದ ಕೇಳಿ ತಂದು, ಮೊದಲ ವಾರ ಅದನ್ನೇ ಕೊಟ್ಟು, ಆಮೇಲೆ ದಿನಕ್ಕಿಷ್ಟಿಷ್ಟಾಗಿ ಮನೆಯ ಮೇವನ್ನು ಬೆರೆಸತಕ್ಕದ್ದು. ಒಣಹುಲ್ಲೂ ಶುದ್ಧವಾದ ನೀರೂ ಹಗಲಿರುಳು ಅದರ ಮುಂದಿರಬೇಕು. ಜೀವಮಾನವಿಡೀ ಬೆಳೆಯುವ ಹಲ್ಲು ಸವೆಯುವುದಕ್ಕೂ ಹುಲ್ಲೇ ಬೇಕು.

ಮರಿಯು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಹೇಸಬೇಕಾದುದಿಲ್ಲ. ಅದು ರೋಗವಲ್ಲ, ದನಗಳ ಮೆಲುಕಿನಂತೆ ಮೊಲದ ಜಾತಿಧರ್ಮ.

ಗೂಡು ನೆರಳಿನಲ್ಲಿಯೂ, ನಾಯಿ, ಬೆಕ್ಕು, ಮುಂಗುಸಿಗಳಿಗೆ ಎಟುಕದ ಎತ್ತರದಲ್ಲಿಯೂ ಇರಬೇಕು. ಮೊಲವು ಚಳಿಯನ್ನು ತಡೆದೀತು, ಬೇಸಗೆಯ ಧಗೆಯನ್ನು ತಡೆಯದು. ಕಿವಿ ಹಿಡಿದು ಎತ್ತಕೂಡದು.

ಹೊಲದ ಬದುವಿನಲ್ಲಿ ಸಿಕ್ಕುವ ಕಾಡುಮೊಲದ ಮರಿಯ ಮಾತು ಬೇರೆ. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿದು ಸಾಕಕೂಡದು.

ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಮುದುಡಿ ಕುಳಿತ ಮರಿಯನ್ನು, ನಾಳೆ ನೋಡೋಣವೆನ್ನದೆ, ಅಂದೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.